ದೇವರ ಹರಕೆ, ಸರ್ಕಾರದ ಹೊಣೆ

ಯುದ್ಧದಲ್ಲಿ ಕಾಲು ಕಳೆದುಕೊಂಡು ಬಂದವನಿಗೆ ಬಸ್ಸಿನಲ್ಲಿ ಎದ್ದು ಜಾಗ ಕೊಡುವವರು ನೀವು. ಅದೇ ಯುದ್ಧದಿಂದ ಕೈಕಾಲು ಗಟ್ಟಿಯಾಗಿಯೇ ಮರಳಿ, ಮನಸ್ಸಿನ ನೆಮ್ಮದಿಯನ್ನು ಮಾತ್ರ ಅಲ್ಲೇ ಬಿಟ್ಟುಬಂದವನು ನಿಮ್ಮ ಪಕ್ಕದಲ್ಲಿ ನಿಂತರೆ ಅವನಿಗೆ ಏನು ಕೊಡುತ್ತೀರಿ?

ನಾನು ಕೊಟ್ಟದ್ದು ನಗೆಯನ್ನು. ಅದನ್ನು ಮೊದಲು ಒಪ್ಪಿಕೊಂಡೇ ಮುಂದಿನದನ್ನು ಬರೆಯಬೇಕು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ನ್ಯಾಮತಿಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ನಾಲ್ಕು ಬಟ್ಟಲುಗಳನ್ನು ಬಾಡಿಗೆ ಕೋಣೆಯ ಗೂಡಿನಲ್ಲಿ ಸಾಲಾಗಿ ಇಟ್ಟುಕೊಂಡು, ಸರಿಯಾದ ವಾದವೊಂದನ್ನು ಸರಿಯಾದ ಕ್ರಮದಲ್ಲಿ ಮಂಡಿಸಿದರೆ ಲೋಕ ತಿದ್ದಿಕೊಳ್ಳುತ್ತದೆಂದು ಮನಸಾರೆ ನಂಬಿದ್ದೆ. ಆ ವರ್ಷದ ಕ್ರೀಡಾದಿನದಂದು ವ್ಯಾಯಾಮ ಶಿಕ್ಷಕರು ರಜೆಯಲ್ಲಿದ್ದರು. ಓಟ ಶುರುಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಸೀಟಿ ಊದಿದರೆ ಸಾಕಿತ್ತು. ಮೈದಾನಕ್ಕೆ ಕಳೆ ಬರಲೆಂದು ಸಂತೆಯಿಂದ ಒಂದು ಆನೆಪಟಾಕಿ ತರಿಸಿ ಹಚ್ಚಿದೆ.

ಶಾಲೆಯಲ್ಲಿ ದಿನಗೂಲಿಯ ಮೇಲೆ ಕೆಲಸಕ್ಕಿದ್ದ ಮಾಜಿ ಸೈನಿಕನೊಬ್ಬ ಅತಿಥಿಗಳಿಗೆ ನೀರು ಕೊಡುತ್ತಿದ್ದ. ಪಟಾಕಿ ಸಿಡಿದದ್ದೇ ತಡ, ಆತ ಕೊಡವನ್ನು ಕೈಬಿಟ್ಟು, ಕುರ್ಚಿಯಲ್ಲಿ ಕುಳಿತಿದ್ದ ಮುಖ್ಯೋಪಾಧ್ಯಾಯರ ಮೇಲೆ ಹಾರಿ, ಕುರ್ಚಿಸಮೇತ ಅವರನ್ನು ನೆಲಕ್ಕುರುಳಿಸಿ, ಅವರ ಮೇಲೆ ತಾನು ಬೋರಲು ಬಿದ್ದ.

“ತಲೆ ಎತ್ತಬ್ಯಾಡ್ರಿ ಸಾಹೇಬ್ರೆ, ಇನ್ನೊಂದು ಬರತೈತೆ!”

“ಏಳೋ ಮಾರಾಯ, ಬರೋದು ಬರ್ಲಿ, ನನ್ನ ಉಸಿರು ಹೋಗ್ತೈತೆ!” ಎಂದು ಮುಖ್ಯೋಪಾಧ್ಯಾಯರು ಕೆಳಗಿನಿಂದ ಕೂಗಿದರು. ಮೈದಾನವೆಲ್ಲ ಬಿದ್ದುಬಿದ್ದು ನಕ್ಕಿತು. ನಾನೂ ನಕ್ಕೆ. ಇಬ್ಬರು ಶಿಕ್ಷಕರು ಹಿಡಿದೆತ್ತಿದಾಗ ಆತನ ಅಂಗಿ ಬೆವರಿನಿಂದ ತೊಯ್ದು ಮೈಗೆ ಅಂಟಿತ್ತು. ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಂದ ಆತ ನನ್ನ ಮುಂದೆ ಕಣ್ಣು ನಿಲ್ಲಿಸಿ ಕೇಳಿದ್ದು ಇಷ್ಟೇ:

“ಎಷ್ಟು ಜನ ಹೋದ್ರು?”

ನನ್ನ ನಗು ಅಲ್ಲಿಗೆ ನಿಂತಿತು.

ಮರುವಾರ ಆತನನ್ನು ಕೆಲಸದಿಂದ ಬಿಡಿಸಿದರು. ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ. ಮಕ್ಕಳ ನಡುವೆ ಹೀಗಾದರೆ ಹೊಣೆ ಯಾರದ್ದೆಂಬುದು ಅವರ ಪ್ರಶ್ನೆಯಾಗಿತ್ತು. ಆದರೆ ಪಟಾಕಿ ಹಚ್ಚಿದವನು ನಾನು. ಒಂದು ಭಾನುವಾರ ಬೆಳಿಗ್ಗೆ ಕ್ಷಮೆ ಕೇಳಲೆಂದು ಸೂರಗೊಂಡನಕೊಪ್ಪದ ದಾರಿಯಲ್ಲಿದ್ದ ಆತನ ಹಳ್ಳಿಗೆ ಸೈಕಲ್ ತುಳಿದೆ.

ಮನೆಯಲ್ಲಿ ಮೂವರಿದ್ದರು: ಆತ, ಹೆಂಡತಿ, ತಾಯಿ. ಹೆಂಡತಿ ಬಟ್ಟೆ ಹೊಲಿದು ಸಂಸಾರ ನಡೆಸುತ್ತಿದ್ದಳು. ಹೊಲಿಗೆ ಯಂತ್ರವನ್ನು ಆಕೆ ಕಾಲಿನಿಂದ ತುಳಿಯದೆ ಕೈಯಿಂದ ಮೆಲ್ಲಗೆ ಒಂದೊಂದೇ ಸುತ್ತು ತಿರುಗಿಸುವುದನ್ನು ಕಂಡು ಕಾರಣ ಕೇಳಿದೆ. ಟಕಟಕ ಸದ್ದು ಜೋರಾದರೆ ಆತ ಎದ್ದು ಹೊಲದ ಕಡೆ ಹೋಗಿಬಿಡುತ್ತಾನಂತೆ. ಹೋದರೆ ಸಂಜೆಯವರೆಗೂ ಬರುವುದಿಲ್ಲವಂತೆ. ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ಸೇನೆ ಆತನನ್ನು ಕೆಲಕಾಲ ಆಸ್ಪತ್ರೆಯಲ್ಲಿಟ್ಟುಕೊಂಡು, ಅಸಮರ್ಥನೆಂದು ಬಿಡುಗಡೆ ಮಾಡಿ ಕಳುಹಿಸಿತ್ತು. ಆಕೆ ಕಬ್ಬಿಣದ ಪೆಟ್ಟಿಗೆಯಿಂದ ಒಂದು ಇಂಗ್ಲಿಷ್ ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು. ಅಂಗವೈಕಲ್ಯ ಪಿಂಚಣಿಯ ಕೋರಿಕೆಯನ್ನು ತಳ್ಳಿಹಾಕಿದ ಕಾಗದ. ಕಾಯಿಲೆ ಆತನ ಮನೆತನದಲ್ಲಿ ಮೊದಲಿನಿಂದಲೂ ಇದ್ದದ್ದು, ಸೇನಾ ಸೇವೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಅದರಲ್ಲಿತ್ತು.

ಕನ್ನಡದಲ್ಲಿ ಹೇಳಿದೆ. ಹೆಂಡತಿ ತಲೆ ತಗ್ಗಿಸಿದಳು. ಒಲೆಯ ಮುಂದಿದ್ದ ತಾಯಿ ಮಾತ್ರ, ತನ್ನನ್ನು ಯಾರೋ ಹೊಗಳಿದರೆಂಬಂತೆ, ಹತ್ತಿರ ಬಂದು ಕುಳಿತಳು.

“ಅದನ್ನ ನಾನೇ ಹೇಳಿ ಬರೆಸೀನಿ ಮೇಷ್ಟ್ರೆ.”

“ನೀವಾ? ಯಾಕಜ್ಜಿ?”

“ಮತ್ತೇನ್ ಹೇಳಾಕೆ ಆಗ್ತಿತ್ತು? ನನ್ನ ಮಗ ಯುದ್ಧದಾಗೆ ಅಂಜಿ ಹಿಂಗಾದ ಅಂದ್ರೆ ಊರಾಗೆ ಮುಖ ಎತ್ತಾಕೆ ಆಗುತ್ತೇನ್ರೀ? ಇವನ ಅಜ್ಜ ಮನೆದೇವರ ಗುಡಿ ಮುಂದೆ ದನಕ್ಕೆ ನೀರು ಕುಡಿಯಾಕೆ ಕಲ್ಲಿನ ಬಾನಿ ಮಾಡಿಸ್ತೀನಿ ಅಂತ ಹರಕೆ ಹೊತ್ತಿದ್ದ. ಮಾಡಿಸದೇ ಸತ್ತ. ಆ ಕಾಟ ಈಗ ಮೊಮ್ಮಗನಿಗೆ ಬಂದೈತೆ. ಸುಳ್ಳೇನಲ್ಲ.”

ನಡೆದದ್ದು ಸ್ಪಷ್ಟವಾಯಿತು. ಆತ ಸೇನೆಯ ಆಸ್ಪತ್ರೆಯಲ್ಲಿದ್ದಾಗ ಮನೆಯ ಹಿನ್ನೆಲೆ ವಿಚಾರಿಸುವ ಕಾಗದವೊಂದು ಹೊನ್ನಾಳಿಯ ತಾಲ್ಲೂಕು ಕಚೇರಿಗೆ ಬಂದು, ಅಲ್ಲಿಂದ ಊರಿನ ಲೆಕ್ಕಿಗರ ಕೈಸೇರಿತ್ತು. ಲೆಕ್ಕಿಗರು ಜಗಲಿಯ ಮೇಲೆ ಕುಳಿತು ಕೇಳಿದರು. ತಾಯಿ ಮಗನ ಮಾನ ಕಾಪಾಡಲು ದೇವರನ್ನು ಮುಂದೆ ಮಾಡಿದಳು. ಲೆಕ್ಕಿಗರು ದೇವರ ಕಾಟವೆಂದು ಸರ್ಕಾರಿ ಕಾಗದದಲ್ಲಿ ಬರೆಯುವುದು ಚೆನ್ನಾಗಿರದೆಂದು ಯೋಚಿಸಿ, ‘ಈ ತೊಂದರೆ ಅಜ್ಜನ ಕಾಲದಿಂದ ಮನೆತನದಲ್ಲಿದೆ’ ಎಂದು ಗೌರವವಾಗಿ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಇಬ್ಬರೂ ಆತನಿಗೆ ಒಳಿತನ್ನೇ ಬಯಸಿದವರು. ಆ ಒಂದು ಸಾಲೇ ಆತನ ಪಿಂಚಣಿಯನ್ನು ಕಿತ್ತುಕೊಂಡಿತ್ತು.

“ಪಿಂಚಣಿ ಬರಲಿ ಬಿಡಲಿ ಸರ್,” ಎಂದಳು ಹೆಂಡತಿ, ಅತ್ತೆಗೆ ಕೇಳಿಸದಂತೆ ನನ್ನನ್ನು ಬಾಗಿಲವರೆಗೆ ಕಳಿಸುತ್ತ. “ಇದು ಯುದ್ಧದಿಂದ ಬಂದಿದ್ದು ಅಂತ ಸರ್ಕಾರ ಒಂದು ಸಾಲು ಬರೆದು ಕೊಡ್ಲಿ. ಹುಚ್ಚನ ಮನೆ ಅಂತಾರೆ ನಮ್ಮನ್ನ.”

ಆ ಸಾಲನ್ನು ಬರೆಸಿಯೇ ತೀರುತ್ತೇನೆಂದು ಮಾತು ಕೊಟ್ಟು ಬಂದೆ.

ನನ್ನ ಮೊದಲ ಮನವಿ ಎಂಟು ಪುಟದ್ದು. ಪ್ರಸ್ತಾವನೆ, ಮೂರು ಹಂತದ ವಾದ, ಎದುರು ಪಕ್ಷ ಹೇಳಬಹುದಾದ್ದಕ್ಕೆ ಮುಂಚಿತವಾಗಿಯೇ ಖಂಡನೆ, ಕೊನೆಗೆ ರಾಷ್ಟ್ರದ ಆತ್ಮಸಾಕ್ಷಿಗೊಂದು ಕರೆ. ಹೊಸ ಸಾಕ್ಷ್ಯವೇನೂ ಇಲ್ಲವೆಂದು ಎರಡು ಸಾಲಿನ ಉತ್ತರ ಬಂತು. ಎರಡನೆಯ ಮನವಿ ಹನ್ನೊಂದು ಪುಟವಾಯಿತು. ಅದರ ಪ್ರತಿಯನ್ನು ಹೊನ್ನಾಳಿಯ ತಾಲ್ಲೂಕು ಕಚೇರಿಗೆ ಒಯ್ದಾಗ, ಅಲ್ಲಿಯ ಹಿರಿಯ ಗುಮಾಸ್ತರು ಕನ್ನಡಕ ಹಣೆಗೇರಿಸಿ ಪೂರ್ತಿ ಓದಿದರು. ಓದಿ, “ಭಾಳ ಚೆನ್ನಾಗೈತ್ರಿ ಮೇಷ್ಟ್ರೆ. ಆದ್ರೆ ಇಲ್ಲಿ ಬಹುಮಾನ ಕೊಡಾಕೆ ನಮ್ಮ ಹತ್ರ ಬಟ್ಟಲು ಇಲ್ಲ,” ಎಂದರು. ಸುತ್ತಲಿನ ಮೇಜುಗಳವರು ಮುಖ ಮುಚ್ಚಿಕೊಂಡು ನಕ್ಕರು.

ಅವಮಾನದಿಂದ ಕುದಿಯುತ್ತ ಹೊರಟ ನನ್ನನ್ನು ಅವರೇ ಮತ್ತೆ ಕರೆದರು. “ಇವ್ನ ಜೊತೆ ಯುದ್ಧದಾಗೆ ಇದ್ದೋರು ಯಾರಾದ್ರೂ ಬದುಕಿಲ್ವಾ? ಅವರನ್ನ ಕೇಳ್ರಿ. ನಮಗೆ ಮಾತು ಬ್ಯಾಡ, ನೋಡಿದೋರು ಬೇಕು.”

ನೋಡಿದವರೊಬ್ಬರಿದ್ದರು. ಕೆರೆಬಿಳಚಿಯವರು, ಅದೇ ತುಕಡಿಯ ಹವಾಲ್ದಾರರು. ಸೇನೆಯಿಂದ ನಿವೃತ್ತರಾಗಿ ಚನ್ನಗಿರಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು. ಹಬ್ಬಕ್ಕೊಂದು ಕಾರ್ಡು ಬರೆದು ಆತನ ಆರೋಗ್ಯ ವಿಚಾರಿಸುತ್ತಿದ್ದವರು ಅವರೊಬ್ಬರೇ. ಮುಂದಿನ ರಜೆಗೆ ಅಲ್ಲಿಗೆ ಹೋದೆ. ಟ್ಯೂಬನ್ನು ನೀರಿನಲ್ಲದ್ದಿ ತೂತು ಹುಡುಕುತ್ತಲೇ ಅವರು ನನ್ನ ಹನ್ನೊಂದು ಪುಟದ ಸಾರಾಂಶ ಕೇಳಿದರು.

“ಮಾಸ್ತರ್, ನೀವು ಗಾಳಿ ತುಂಬ್ತಾ ಇದ್ದೀರಿ. ತೂತು ಎಲ್ಲೈತೆ ಅಂತ ನೋಡಿಲ್ಲ,” ಎಂದರು. “ಫೌಜಿನೋರು ಮೂರು ಕೇಳ್ತಾರೆ. ಮೊದಲು ಹೆಂಗಿದ್ದ? ಅಲ್ಲಿ ಏನಾಯ್ತು? ಆಮೇಲೆ ಹೆಂಗಾದ? ಮೂರಕ್ಕೂ ಸಾಬೂತು ಬೇಕು. ನಡುವಿಂದು ನಾನು ಕೊಡ್ತೀನಿ, ಬರಕೊಳ್ಳಿ.”

ಅವರು ಹೇಳಿದ್ದನ್ನು ಬರೆದುಕೊಂಡೆ. ಮೂರು ದಿನದ ಶೆಲ್ ದಾಳಿ. ಮೂರನೆಯ ದಿನ ಮಧ್ಯಾಹ್ನ ಕಂದಕದ ಮಣ್ಣು ಕುಸಿದು ಮೂವರು ಹೂತುಹೋದರು. ಇವರು ಕೈಯಿಂದಲೇ ಮಣ್ಣು ತೋಡಿದಾಗ ಸಿಕ್ಕವರಲ್ಲಿ ಉಸಿರಿದ್ದದ್ದು ಆತನೊಬ್ಬನಿಗೆ. ಉಳಿದಿಬ್ಬರ ಕೈಗಳನ್ನು ಆತ ಬಿಟ್ಟಿರಲಿಲ್ಲ. ಹೇಳುತ್ತ ಹೇಳುತ್ತ ಹವಾಲ್ದಾರರು ಟ್ಯೂಬನ್ನು ಒಣಗಿಸಿದರು, ತೇಪೆ ಹಚ್ಚಿದರು, ಅದರ ಮೇಲೆ ಹೆಬ್ಬೆರಳೊತ್ತಿ ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡರು. ಬರೆದದ್ದು ಒಂದು ಪುಟ ಮೀರಲಿಲ್ಲ. ಅದರಲ್ಲಿ ವಿಶೇಷಣ ಒಂದೂ ಇರಲಿಲ್ಲ.

“ಇನ್ನು ಆ ಅಮ್ಮನ ಹೆಬ್ಬೆಟ್ಟು,” ಎಂದರು ಕೊನೆಗೆ. “ಅದನ್ನ ಅವರೇ ವಾಪಸ್ ತಗೋಬೇಕು. ಇಲ್ಲಾಂದ್ರೆ ನಾನು ನೂರು ಬರೆದು ಕೊಟ್ರೂ ದಂಡ.”

‘ಮೊದಲು ಹೆಂಗಿದ್ದ’ ಎಂಬುದಕ್ಕೆ ಜಗಳೂರಿಗೆ ಹೋಗಬೇಕಾಯಿತು. ಸೇನೆ ಸೇರುವ ಮುನ್ನ ಆತ ಅಲ್ಲಿಯ ಬಾವಿ ತೋಡುವ ತಂಡವೊಂದರಲ್ಲಿದ್ದ. ಆ ಸೀಮೆಯಲ್ಲಿ ನೀರು ಬಂಡೆಯ ಕೆಳಗೆ. ಬಂಡೆಗೆ ಕುಳಿ ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ ಸಿಡಿಸದೆ ಬಾವಿ ಆಗುವುದಿಲ್ಲ. ತಾನೂ ಬರುತ್ತೇನೆಂದು ಆತನೇ ಹೇಳಿದ. ಮೂರು ಬಸ್ಸು ಬದಲಿಸಿ ಇಬ್ಬರೂ ಹೋದೆವು. ದಾರಿಯುದ್ದಕ್ಕೂ ಆತ ಕಿಟಕಿಯ ಕಂಬಿ ಬಿಡಲಿಲ್ಲ. ಟೈರು ಕಲ್ಲಿಗೆ ತಾಗಿದಾಗಲೆಲ್ಲ ಬೆರಳುಗಳು ಬಿಳಿಚುತ್ತಿದ್ದವು.

ತಂಡದ ಹಳೆಯ ಮೇಸ್ತ್ರಿ ಹೊಲವೊಂದರ ಬಾವಿಯ ದಂಡೆಯ ಮೇಲೆ ಸಿಕ್ಕರು. ಆತನನ್ನು ಕಂಡೊಡನೆ, “ಲೇ, ಬದುಕಿದೀಯೇನೋ! ಮೀಸೆ ಎಲ್ಲಿ ಮಾರಿಬಂದೆ?” ಎಂದು ಬೆನ್ನಿಗೊಂದು ಗುದ್ದಿದರು. ಆತ ಬೆಚ್ಚಿ ಎರಡು ಹೆಜ್ಜೆ ಹಿಂದಕ್ಕೆ ಜಿಗಿದ. ಮೇಸ್ತ್ರಿಯ ಮುಖ ಬದಲಾಯಿತು. ನಾನು ಬಂದ ಕಾರಣ ಹೇಳಿದೆ. ಅವರು ಮೊದಲು ಮಾಡಿದ ಕೆಲಸವೆಂದರೆ, ಪಕ್ಕದ ಹೊಲದಲ್ಲಿ ಮದ್ದಿಡುತ್ತಿದ್ದವರಿಗೆ ಕೈಬೀಸಿ ಕೂಗಿದ್ದು: “ಏ, ಇವತ್ತು ಯಾರೂ ಬತ್ತಿ ಹಚ್ಚಬ್ಯಾಡ್ರಲೇ! ನಮ್ಮ ಹುಡುಗ ಬಂದಾನೆ.” ಅಷ್ಟು ಜನರ ಒಂದು ದಿನದ ಕೆಲಸ ಅಲ್ಲಿಗೇ ನಿಂತಿತು. ಯಾಕೆಂದು ಯಾರೂ ಕೇಳಲಿಲ್ಲ.

ಮೇಸ್ತ್ರಿ ಹೇಳಿ ಬರೆಸಿದ್ದು ಹೀಗೆ: “ಬತ್ತಿ ಹಚ್ಚೋನು ಇವನೇ. ಮೇಲಕ್ಕೆ ಹತ್ತಿ ನಾವೆಲ್ಲ ಓಡ್ತಿದ್ವಿ. ಇವ ಅದೇ ಕಡ್ಡಿಯಿಂದ ಬೀಡಿ ಹಚ್ಚಿಕೊಂಡು, ಮಾವನ ಮನೆಗೆ ಹೋದಂಗೆ ನಿಧಾನಕ್ಕೆ ನಡಕೊಂಡು ಬರ್ತಿದ್ದ. ಎಷ್ಟು ಸಾರಿ ಬೈದೀನೋ ದೇವರಿಗೇ ಗೊತ್ತು. ನಾಲ್ಕು ವರ್ಷದಾಗೆ ಒಂದು ದಿನ ಇವನ ಕೈ ನಡುಗಿದ್ದು ಕಂಡಿಲ್ಲ.” ತಂಡದ ಇನ್ನಿಬ್ಬರು ಸಾಕ್ಷಿ ಹಾಕಿದರು. ಆತ ಅದೆಲ್ಲ ಕೇಳುತ್ತ ಬಾವಿಯೊಳಗೆ ಬಗ್ಗಿ ನೋಡುತ್ತಿದ್ದವನು, ನಾವು ಹೊರಟಾಗ ಮೆಲ್ಲಗೆ ಹೇಳಿದ: “ಹಂಗಿದ್ದೆ ಅಂತ ನನಗೇ ಮರೆತುಹೋಗಿತ್ತು ಸರ್.”

ಉಳಿದದ್ದು ತಾಯಿ. ಇಲ್ಲಿ ನನ್ನ ವಿದ್ಯೆಯೆಲ್ಲ ಉಪಯೋಗಕ್ಕೆ ಬರುವುದೆಂದು ಸಡಗರದಿಂದ ಹೋದೆ. ಹರಕೆಗೂ ಕಾಯಿಲೆಗೂ ಕಾರ್ಯಕಾರಣ ಸಂಬಂಧವಿಲ್ಲವೆಂದು ಅರ್ಧ ಗಂಟೆ ವಿವರಿಸಿದೆ. ದೇವರು ದಯಾಮಯನಾದರೆ ಅಜ್ಜನ ತಪ್ಪಿಗೆ ಮೊಮ್ಮಗನನ್ನು ಕಾಡುವನೇ ಎಂದು ಸವಾಲು ಹಾಕಿದೆ. ಅಜ್ಜಿ ರೊಟ್ಟಿ ತಟ್ಟುತ್ತಲೇ ಕೇಳಿದಳು.

“ಆಯ್ತಾ ಭಾಷಣ? ಕೂತು ಎರಡು ರೊಟ್ಟಿ ತಿನ್ರಿ. ದೇವರ ಮೇಲೆ ಕೊಟ್ಟ ಮಾತು ಕಾಗದಕ್ಕಾಗಿ ತಿರುಗಿಸಾಕೆ ನನ್ನ ಕೈಲಿ ಆಗಲ್ಲ. ಇನ್ನೊಂದು ಸಾರಿ ಆ ಮಾತು ಎತ್ತಿದ್ರೆ ರೊಟ್ಟಿನೂ ಇಲ್ಲ.”

ಮೂಢನಂಬಿಕೆಯನ್ನು ಶಪಿಸುತ್ತ ಸೈಕಲ್ ಏರಿದೆ. ದಾರಿ ತೋರಿಸಿದವಳು ಸೊಸೆ. ಎರಡು ವಾರದ ನಂತರ ಶಾಲೆಗೇ ಬಂದು ಕಿಟಕಿಯ ಬಳಿ ನಿಂತು ಹೇಳಿದಳು: “ಅತ್ತೆ ಹತ್ರ ವಾದ ಮಾಡಬ್ಯಾಡ್ರಿ ಸರ್. ಆ ಹರಕೆನೇ ತೀರಿಸಿಬಿಡೋಣ. ಆಮೇಲೆ ಅತ್ತೆ ಏನಂತಾರೋ ನೋಡೋಣ.”

ಇದು ನನ್ನ ತತ್ವಕ್ಕೆ ವಿರುದ್ಧವಾಗಿತ್ತು. ಹರಕೆ ತೀರಿಸುವುದೆಂದರೆ ಎದುರು ಪಕ್ಷದ ವಾದವನ್ನು ಒಪ್ಪಿಕೊಂಡಂತೆ ಎಂದು ಎರಡು ದಿನ ಗೊಣಗಿದೆ. ಮೂರನೆಯ ದಿನ ಕಲ್ಲು ಸಾಗಿಸಲು ಗಾಡಿ ಹುಡುಕತೊಡಗಿದೆ.

ಬಾನಿಯನ್ನು ಆತನೇ ಕೆತ್ತಿದ. ಗುಡಿಯ ಮುಂದೆ ಕುಳಿತು ಸುತ್ತಿಗೆ ಉಳಿ ಹಿಡಿದ ಆ ಕೈಗಳು ನಡುಗುತ್ತಿರಲಿಲ್ಲ. ತಾನೇ ಮಾಡುವ ಸದ್ದು ಆತನನ್ನು ಹೆದರಿಸುತ್ತಿರಲಿಲ್ಲ. ಹೇಳದೆ ಕೇಳದೆ ಬೇರೆಲ್ಲಿಂದಲೋ ಬರುವ ಸದ್ದಿಗೆ ಮಾತ್ರ ಉಳಿ ಕೈತಪ್ಪುತ್ತಿತ್ತು. ಆ ವ್ಯತ್ಯಾಸವನ್ನು ದಿನಾಂಕಸಹಿತ ಬರೆದಿಟ್ಟುಕೊಂಡೆ. ಬಾನಿ ಮುಗಿದು, ಪೂಜೆಯಾಗಿ, ಊರ ದನಗಳು ನೀರು ಕುಡಿದವು. ಅಜ್ಜಿ ಮಗನನ್ನು ಕಣ್ಣಿಟ್ಟು ಕಾದಳು. ಒಂದು ತಿಂಗಳು. ಎರಡು. ಮೂರನೆಯ ತಿಂಗಳಲ್ಲಿ ಲಾರಿಯೊಂದರ ಟೈರು ಊರ ಮುಂದೆ ಸಿಡಿದಾಗ ಆತ ತಾಯಿಯನ್ನೇ ನೆಲಕ್ಕೆಳೆದು ಅವಳ ಮೇಲೆ ಬಿದ್ದ.

ಮರುದಿನ ಬೆಳಿಗ್ಗೆ ನನ್ನ ಕೋಣೆಯ ಮುಂದೆ ಅಜ್ಜಿ ನಿಂತಿದ್ದಳು. ಮೊಣಕೈ ತರಚಿತ್ತು, ಒಳ್ಳೆಯ ಸೀರೆ ಉಟ್ಟಿದ್ದಳು. “ಹೊನ್ನಾಳಿಗೆ ಯಾವ ಬಸ್ಸು?” ಎಂದಳು.

ತಹಶೀಲ್ದಾರರ ಮುಂದೆ ನಾನು ಬಾಯಿ ತೆರೆಯಬಾರದೆಂದು ಬಸ್ಸಿನಲ್ಲೇ ಅಪ್ಪಣೆಯಾಗಿತ್ತು. ತಹಶೀಲ್ದಾರರು ಹಳೆಯ ಹೇಳಿಕೆಯನ್ನು ಓದಿ, “ಅಜ್ಜಿ, ಆಗ ಹಾಗಂದ್ರಿ, ಈಗ ಹೀಗಂತೀರಿ. ಯಾವುದು ನಿಜ?” ಎಂದು ಕೇಳಿದರು.

“ಎರಡೂ ನಿಜವೇ ಸ್ವಾಮಿ. ಆಗ ದೇವರು ಕೊಟ್ಟಿದ್ದು ಅಂತ ತಿಳಕೊಂಡಿದ್ದೆ, ಹಂಗೇ ಹೇಳಿದೆ. ಈಗ ದೇವರ ಹರಕೆ ತೀರಿಸೀವಿ. ಬಾನಿ ಐತೆ, ಬಂದು ನೋಡ್ರಿ, ನಿಮ್ಮ ದನಾನೂ ಕುಡೀಬಹುದು. ಕಾಯಿಲೆ ಹೋಗ್ಲಿಲ್ಲ. ಅಂದ್ಮೇಲೆ ಅದು ದೇವರು ಕೊಟ್ಟಿದ್ದಲ್ಲ. ನನ್ನ ಮನೆಯಾಗೆ ಇವರಪ್ಪನಿಗಿರಲಿಲ್ಲ, ಅಜ್ಜನಿಗಿರಲಿಲ್ಲ. ಬಂಡೆ ಸಿಡಿಸ್ತಿದ್ದ ಮಗನ್ನ ನಾನು ನಿಮಗೆ ಕೊಟ್ಟೆ, ನೀವು ಹಿಂಗೆ ಮಾಡಿ ವಾಪಸ್ ಕೊಟ್ರಿ. ಯಾರು ಕೊಟ್ಟರೋ ಅವರೇ ನೋಡಿಕೋಬೇಕು.”

ಬಟ್ಟಲಿನ ಗುಮಾಸ್ತರು ಎದ್ದು ಬಂದು ಅಜ್ಜಿಗೆ ಕುರ್ಚಿ ಎಳೆದರು. ತಹಶೀಲ್ದಾರರು ಆ ಮಾತುಗಳನ್ನು ಹೇಳಿದಂತೆಯೇ ಬರೆಸಿಕೊಂಡು ಹೆಬ್ಬೆಟ್ಟಿಗೆ ಶಾಯಿ ಮುಂದಿಟ್ಟರು. ನಾಲ್ಕು ಬಟ್ಟಲು ಗೆದ್ದ ನಾನು ನನ್ನ ಜೀವನದಲ್ಲಿ ಕೇಳಿದ ಅತ್ಯುತ್ತಮ ವಾದ ಅದು. ಮಂಡನೆ, ಪರೀಕ್ಷೆ, ತೀರ್ಮಾನ, ಎಲ್ಲವೂ ಅದರಲ್ಲಿದ್ದವು. ನಾನು ಶಪಿಸಿದ್ದ ನಂಬಿಕೆಯೊಳಗಿಂದಲೇ ಅದು ಬಂದಿತ್ತು.

ಮೂರನೆಯ ಮನವಿ ನಾಲ್ಕು ಹಾಳೆಯದು: ಮೇಸ್ತ್ರಿಯದೊಂದು, ಹವಾಲ್ದಾರರದೊಂದು, ಅಜ್ಜಿಯದೊಂದು, ನಾನು ಕಂಡು ದಿನಾಂಕ ಹಾಕಿದ್ದೊಂದು. ಕೆಲವು ತಿಂಗಳಾದ ಮೇಲೆ ಬೆಂಗಳೂರಿನಲ್ಲಿ ಹೊಸದಾಗಿ ವೈದ್ಯಕೀಯ ಮಂಡಳಿಯ ಮುಂದೆ ಬರಲು ಕರೆ ಬಂತು. ಅಲ್ಲಿಯ ವೈದ್ಯರೊಬ್ಬರು ಉಳಿ ಮತ್ತು ಸದ್ದಿನ ಟಿಪ್ಪಣಿಯನ್ನು ಎರಡು ಸಲ ಓದಿ, ಆತನನ್ನು ಬಹಳ ಹೊತ್ತು ಮಾತನಾಡಿಸಿದರು. ಇಂದು ಈ ಕಾಯಿಲೆಗೆ ಆಘಾತೋತ್ತರ ಮಾನಸಿಕ ಒತ್ತಡವೆಂಬ ಹೆಸರಿದೆ. ಅಂದು ನಮ್ಮ ಕಡೆಯ ಯಾವ ಕಾಗದದಲ್ಲೂ ಆ ಹೆಸರು ಇರಲಿಲ್ಲ.

ಆದೇಶ ಬಂದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಸುಡುಬಿಸಿಲಿನ ಮಧ್ಯಾಹ್ನ. ಹೆಂಡತಿ ಲಕೋಟೆ ಒಡೆಯದೆ ಸೆರಗಿನಲ್ಲಿ ಸುತ್ತಿಕೊಂಡು ನ್ಯಾಮತಿಯವರೆಗೆ ನಡೆದೇ ಬಂದಳು. ಎಂಟನೆಯ ತರಗತಿಗೆ ಪಾಠ ಮಾಡುತ್ತಿದ್ದವನು ಹೊರಬಂದು, ಜಗಲಿಯ ಮೇಲೆ ನಿಂತೇ ಓದಿದೆ. ಕಾಯಿಲೆ ಸೇನಾ ಸೇವೆಯ ಕಾರಣದಿಂದ ಉಂಟಾದದ್ದು. ಬಿಡುಗಡೆಯಾದ ದಿನದಿಂದ ಅಂಗವೈಕಲ್ಯ ಪಿಂಚಣಿ ಮಂಜೂರಾಗಿದೆ.

“ಆ ಸಾಲು ಐತಾ ಸರ್?”

“ಇದೆ. ಮೊದಲ ಸಾಲೇ ಅದು.”

“ಇನ್ನೊಂದು ಸಾರಿ ಓದ್ರಿ.”

ಓದಿದೆ. ಮುಖ್ಯೋಪಾಧ್ಯಾಯರು ಕೋಣೆಯಿಂದ ಬಂದು ಮೂರನೆಯ ಸಲ ತಾವೇ ಓದಿದರು. ಆಮೇಲೆ, “ನನ್ನ ಪ್ರಾಣ ಉಳಿಸಾಕೆ ಹಾರಿದೋನಮ್ಮ ನಿನ್ನ ಗಂಡ. ನಾನೇ ತಿಳಕೊಳ್ಳಲಿಲ್ಲ. ಸೋಮವಾರದಿಂದ ಕಳಿಸು,” ಎಂದರು. ಊರಿನ ಲೆಕ್ಕಿಗರು ಅದೇ ಸಂಜೆ ಚಾವಡಿಯಲ್ಲಿ ಆದೇಶವನ್ನು ಎಲ್ಲರಿಗೂ ಕೇಳುವಂತೆ ಓದಿ, ತಾವು ಅಂದು ಬರೆದದ್ದು ತಪ್ಪಾಗಿತ್ತೆಂದು ಹೇಳಿದರು. ಆತನನ್ನು ಹುಚ್ಚನೆಂದವರು ಹೆಗಲ ಮೇಲೆ ಕೈಹಾಕಲು ಬಂದರು. ಆತ ಬೆಚ್ಚಲಿಲ್ಲ, ಹಿಂದಿನಿಂದ ಬರಬೇಡಿ, ಮುಂದಿನಿಂದ ಬನ್ನಿ ಎಂದು ನಗುತ್ತಲೇ ಹೇಳಿದ. ಆತ ನಕ್ಕದ್ದನ್ನು ನಾನು ಮೊದಲ ಬಾರಿಗೆ ಕಂಡದ್ದು ಅಂದು.

ಕಾಯಿಲೆ ಪೂರ್ತಿ ಹೋಯಿತೆಂದು ನಾನು ಹೇಳಲಾರೆ. ಆದರೆ ಆ ಕಾಗದ ಬಂದ ಮೇಲೆ ಆತ ಅದನ್ನು ಮುಚ್ಚಿಡುವುದನ್ನು ಬಿಟ್ಟ, ಔಷಧಕ್ಕೆ ಹೋಗತೊಡಗಿದ. ನಾನೂ ಹವಾಲ್ದಾರರೂ ಸೇರಿ ಚನ್ನಗಿರಿ, ಹೊನ್ನಾಳಿ ಸೀಮೆಯ ಇನ್ನೂ ಕೆಲವರ ಕಾಗದಗಳನ್ನು ಹೀಗೆಯೇ ಬರೆದುಕೊಟ್ಟೆವು. ಯಾವುದೂ ನಾಲ್ಕು ಹಾಳೆ ಮೀರಲಿಲ್ಲ.

ಓದುಗರಲ್ಲಿ ನಾನು ಕೇಳುವುದು ಒಂದು ಕೆಲಸ. ನಿಮ್ಮ ಬೀದಿಯಲ್ಲಿ ಸೇನೆಯಿಂದ ಹೀಗೆ ಮರಳಿದವರಿದ್ದರೆ, ಈ ಭಾನುವಾರ ಅವರ ಮನೆಗೆ ಹೋಗಿ. ಮೊದಲು ಹೇಗಿದ್ದರು, ಅಲ್ಲಿ ಏನಾಯಿತು, ಈಗ ಹೇಗಿದ್ದಾರೆ ಎಂಬುದನ್ನು ಕಣ್ಣಾರೆ ಕಂಡವರಿಂದ ಕೇಳಿ, ಅವರ ಮಾತಿನಲ್ಲೇ ಬರೆದು, ಸಹಿ ಹಾಕಿಸಿ. ಆ ಕಾಗದ ಹಿಡಿದು ಕಚೇರಿಗೆ ಅವರ ಜೊತೆಗೆ ನೀವೂ ಹೋಗಿ.